ಗುಂಡ ಗರಿ ಕೀಳುತ್ತಿರುವುದು ಯಾವಾಗಿನಿಂದ?

ಪ್ರಶ್ನೆ: ನಮ್ಮದು ಮೂಡಿಗೆರೆ ಸಮೀಪದ ಕಾಫಿ ತೋಟದ ಮನೆ. ಏಳು ವರ್ಷದ ಆಫ್ರಿಕನ್ ಗ್ರೇ ಗಿಳಿ ಇದೆ, ಹೆಸರು ಗುಂಡ. ಮರಿಯಾಗಿದ್ದಾಗ ಮಗಳು ತಂದು, ಕೈತುತ್ತು ಕೊಟ್ಟು ಬೆಳೆಸಿದಳು. ಗೌರಿ ಹಬ್ಬ ಮುಗಿಸಿಕೊಂಡು ಅವಳು ಕೆಲಸಕ್ಕೆಂದು ಪುಣೆಗೆ ಹೋದಳು. ಆ ಕೊರಗಿಗೆ ಗುಂಡ ತನ್ನ ಎದೆಯ ಗರಿಯನ್ನೆಲ್ಲ ಕಿತ್ತುಕೊಂಡಿದೆ. ಭೀಮನ ಅಮಾವಾಸ್ಯೆಯ ದಿನ ಪೂಜೆಗೆ ಗುಡಿಸುವಾಗ ಗೂಡಿನ ಕೆಳಗೆ ಒಂದು ಹಿಡಿ ಬೂದು ತುಪ್ಪಳ ಸಿಕ್ಕಿತ್ತು. ಗರಿ ಉದುರುವ ಕಾಲವಿರಬೇಕು ಎಂದುಕೊಂಡೆವು. ಈಗ ಎದೆ, ತೊಡೆ, ರೆಕ್ಕೆಯ ಒಳಭಾಗ ಬೋಳಾಗಿವೆ. ಆರಿದ್ರಾ ಮಳೆ ಹಿಡಿದಾಗ ಜಗಲಿಗೆ ಎರಚಲು ಹೊಡೆಯುತ್ತದೆಂದು ಗೂಡನ್ನು ಬಚ್ಚಲುಮನೆಯ ಪಕ್ಕದ ನಡುಮನೆಗೆ ತಂದಿದ್ದೇವೆ, ಅಲ್ಲಿ ಬೆಚ್ಚಗಿರುತ್ತದೆ, ಟಿವಿಯೂ ಇದೆ. ಸೂರ್ಯಕಾಂತಿ ಬೀಜ, ಕಡಲೆಕಾಯಿ, ತೋಟದ ಹಣ್ಣು ಕೊಡುತ್ತೇವೆ. ಬೆಳಿಗ್ಗೆ ನನ್ನ ಕಾಫಿ ಲೋಟಕ್ಕೂ ಕೊಕ್ಕು ಅದ್ದುತ್ತದೆ. ಅಂಗಡಿಯವರೊಬ್ಬರು ಹೇನಾಗಿದೆ ಎಂದು ಪುಡಿ ಕೊಟ್ಟರು. ಬೇವಿನೆಣ್ಣೆ ಹಚ್ಚಿದೆವು. ಅತ್ತೆಯವರು ದೃಷ್ಟಿ ತೆಗೆದರು. ಕೀಳುವಾಗಲೆಲ್ಲ ‘ಏಯ್, ಬೇಡ!’ ಎಂದು ಗದರುತ್ತೇವೆ. ಈಗ ಅದು ನನ್ನ ದನಿಯಲ್ಲೇ ‘ಏಯ್, ಬೇಡ’ ಎಂದು ಹೇಳಿಕೊಂಡು ಕೀಳುತ್ತದೆ. ಕುತ್ತಿಗೆಗೆ ಪಟ್ಟಿ ಹಾಕಬೇಕೇ? ಜೊತೆಗೆ ಇನ್ನೊಂದು ಗಿಳಿ ತರಬೇಕೇ? ತೋಟಕ್ಕೆ ಬಿಟ್ಟುಬಿಡೋಣ ಎನ್ನುತ್ತಾರೆ ಯಜಮಾನರು.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನನಗೂ ಮಗಳ ಕೊರಗೇ ಕಾರಣ ಎನ್ನಿಸಿತು. ಎರಡನೆಯ ಸಲ ಕೈಯಲ್ಲಿ ಪೆನ್ಸಿಲ್ ಇತ್ತು. ದಿನಗಳಿಗೆ ಗೆರೆ ಎಳೆಯುತ್ತ ಹೋದೆ. ಮಗಳು ಹೊರಟಿದ್ದು ಗೌರಿ ಹಬ್ಬದ ನಂತರ. ತುಪ್ಪಳ ಸಿಕ್ಕಿದ್ದು ಭೀಮನ ಅಮಾವಾಸ್ಯೆಗೆ, ಅಂದರೆ ಅದಕ್ಕೂ ಒಂದು ತಿಂಗಳು ಮೊದಲು. ಮಗಳು ಮನೆಯಲ್ಲೇ, ಗೂಡಿನ ಎದುರೇ ಇದ್ದಾಗ ಗುಂಡ ಗರಿ ಕೀಳಲು ಶುರುಮಾಡಿತ್ತು. ಆ ಹುಡುಗಿ ಪುಣೆಯಲ್ಲಿ ಕುಳಿತು ‘ನನ್ನಿಂದಲೇ ಹೀಗಾಯಿತು’ ಎಂದು ಅಳುತ್ತಿದ್ದರೆ ಮೊದಲು ಅವಳಿಗೆ ಈ ಮಾತು ತಿಳಿಸಿ.

ಹಾಗಾದರೆ ಅಮಾವಾಸ್ಯೆಗಿಂತ ಮೊದಲು ಏನು ಬದಲಾಯಿತು? ಅದನ್ನೂ ನೀವೇ ಬರೆದಿದ್ದೀರಿ. ಆರಿದ್ರಾ ಮಳೆಗೆ ಗೂಡು ಜಗಲಿಯಿಂದ ಒಳಗೆ ಬಂತು. ಜಗಲಿಯಲ್ಲಿ ಗಿಳಿಗೆ ಬೆಳಕಿತ್ತು, ಅಂಗಳದಲ್ಲಿ ಓಡಾಡುವ ಆಳುಕಾಳು, ಕೋಳಿ, ನಾಯಿ ಎಲ್ಲವೂ ಕಾಣುತ್ತಿತ್ತು, ಗಾಳಿ ಆಡುತ್ತಿತ್ತು. ನಡುಮನೆಯಲ್ಲಿ ಬಚ್ಚಲ ಹಂಡೆ ಒಲೆಯ ಹೊಗೆ, ಮಲೆನಾಡಿನ ಹಳೆಯ ಮನೆಯ ಕತ್ತಲು, ರಾತ್ರಿ ಹತ್ತು ಹನ್ನೊಂದರವರೆಗೆ ಟಿವಿ. ಚಳಿ ಎಂದು ಸ್ನಾನ ನಿಲ್ಲಿಸಿರುತ್ತೀರಿ. ನೀವು ಬರೆದಿಲ್ಲ, ಆದರೆ ಮಳೆಗಾಲದಲ್ಲಿ ಗಿಳಿಗೆ ಸ್ನಾನ ಮಾಡಿಸುವ ಮನೆಯನ್ನು ನಮ್ಮ ಕಡೆ ನಾನು ಹೆಚ್ಚು ಕಂಡಿಲ್ಲ. ಮಗಳು ಹೊರಟಿದ್ದು ಇದರ ಮೇಲೆ ಬಿದ್ದ ಇನ್ನೊಂದು ಪೆಟ್ಟು.

ಇಷ್ಟು ಹೇಳಿದ ಮಾತ್ರಕ್ಕೆ ಗೂಡನ್ನು ಜಗಲಿಗೆ ತಂದರೆ ಸರಿಹೋಗುತ್ತದೆ ಎಂದು ತಿಳಿಯಬೇಡಿ. ಗರಿ ಕೀಳುವುದು ಒಂದು ಕಾಯಿಲೆಯ ಹೆಸರಲ್ಲ. ಮನುಷ್ಯರಿಗೆ ಜ್ವರ ಬಂದಂತೆ, ಒಳಗೆ ಏನೋ ಆಗಿದೆ ಎಂಬುದಕ್ಕೆ ಅದು ಗುರುತು. ಯಕೃತ್ತಿನ ತೊಂದರೆ, ಚರ್ಮದ ಸೋಂಕು, ಕರುಳಿನ ಪರೋಪಜೀವಿ, ಸತು ಅಥವಾ ಸೀಸದ ವಿಷ, ಎಲ್ಲೋ ಒಂದು ಕಡೆ ನೋವು, ಗರಿ ಮತ್ತು ಕೊಕ್ಕಿಗೆ ತಗಲುವ ಸರ್ಕೋವೈರಸ್ ರೋಗ, ಇವುಗಳಲ್ಲಿ ಯಾವುದರಿಂದಲೂ ಗಿಳಿಯ ಗರಿ ಹಾಳಾಗಬಹುದು. ‘ಮನಸ್ಸಿಗೆ ಹಚ್ಚಿಕೊಂಡಿದೆ’ ಎಂಬ ಮಾತನ್ನು ಇವೆಲ್ಲವನ್ನೂ ತಳ್ಳಿಹಾಕಿದ ಮೇಲೆ ಆಡಬೇಕು. ನಮ್ಮಲ್ಲಿ ಅದನ್ನೇ ಮೊದಲು ಆಡುತ್ತೇವೆ, ಏಕೆಂದರೆ ಅದಕ್ಕೆ ರಕ್ತಪರೀಕ್ಷೆ ಬೇಕಿಲ್ಲ.

ಮನೆಯಲ್ಲೇ ನೋಡಬಹುದಾದ ಕೆಲವು ಸಂಗತಿಗಳಿವೆ. ಮೊದಲನೆಯದು ತಲೆ. ಗಿಳಿಯ ಕೊಕ್ಕು ತನ್ನ ತಲೆಗೆ ಎಟುಕುವುದಿಲ್ಲ. ಗುಂಡನ ತಲೆ, ಕೆನ್ನೆ, ಕತ್ತಿನ ಮೇಲ್ಭಾಗದ ಗರಿ ಅಚ್ಚುಕಟ್ಟಾಗಿದ್ದು ಅದರಿಂದ ಕೆಳಗೆ ಮಾತ್ರ ಬೋಳಾಗಿದ್ದರೆ ಕಿತ್ತುಕೊಳ್ಳುತ್ತಿರುವುದು ಅದೇ. ತಲೆಯೂ ಬೋಳಾಗಿದ್ದರೆ, ಅಥವಾ ಹೊಸದಾಗಿ ಬರುವ ಗರಿ ಸೊಟ್ಟಗೆ, ನಡುವೆ ಹಿಸುಕಿದಂತೆ ಇದ್ದರೆ ರೋಗದ ಅನುಮಾನ ಬಲವಾಗುತ್ತದೆ. ನೀವು ಹೇಳಿದ ಎದೆ, ತೊಡೆ, ರೆಕ್ಕೆಯ ಒಳಭಾಗ ಕೊಕ್ಕು ಸುಲಭವಾಗಿ ಎಟುಕುವ ಜಾಗಗಳೇ. ಎರಡನೆಯದು ಬಿದ್ದ ಗರಿ. ಒಂದು ವಾರದ ಗರಿಗಳನ್ನು ಕಾಗದದ ಲಕೋಟೆಯಲ್ಲಿ ಕೂಡಿಡಿ. ಬುಡಸಮೇತ ಬಂದಿವೆಯೋ, ಕತ್ತರಿಸಿದಂತೆ ಅರ್ಧಕ್ಕೆ ತುಂಡಾಗಿವೆಯೋ, ಬುಡದಲ್ಲಿ ರಕ್ತವಿದೆಯೋ ನೋಡಿ. ಸಹಜವಾಗಿ ಉದುರುವಾಗ ಎಡಬಲ ಎರಡೂ ಕಡೆ ಸಮನಾಗಿ, ಅಷ್ಟಿಷ್ಟೇ ಉದುರಿ ಹಿಂದೆಯೇ ಹೊಸತು ಮೂಡುತ್ತದೆ. ಚರ್ಮ ಕಾಣುವಷ್ಟು ಬೋಳಾಗುವುದಿಲ್ಲ.

ಮೂರನೆಯದು ತೂಕ, ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡದು. ಅಡುಗೆಮನೆಯ ಗ್ರಾಂ ತಕ್ಕಡಿಯ ಮೇಲೆ ಒಂದು ಕೋಲು ಕಟ್ಟಿ, ಬೆಳಿಗ್ಗೆ ಹಿಕ್ಕೆ ಹಾಕಿದ ಮೇಲೆ, ಮೇವಿಗೆ ಮುಂಚೆ, ದಿನವೂ ತೂಗಿ ಬರೆದಿಡಿ. ದೊಡ್ಡ ಜಾತಿಯ ಗ್ರೇ ಗಿಳಿ ಸಾಮಾನ್ಯವಾಗಿ 400ರಿಂದ 550 ಗ್ರಾಂ ಇರುತ್ತದೆ. ಅದರದೇ ತೂಕ ಹತ್ತನೆಯ ಒಂದು ಭಾಗ ಇಳಿದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಕಾಡಿನಲ್ಲಿ ಬಲಹೀನವಾಗಿ ಕಂಡದ್ದನ್ನು ಗಿಡುಗ ಎತ್ತಿಕೊಂಡು ಹೋಗುತ್ತದೆ. ತಕ್ಕಡಿಯ ಕಣ್ಣಿಗೆ ಮಾತ್ರ ಅವು ಮಣ್ಣೆರಚಲಾರವು. ಹಿಕ್ಕೆಯನ್ನೂ ಗಮನಿಸಿ: ಹಸಿರು ಸುರುಳಿ, ಅದರ ಮೇಲೆ ಬಿಳಿ ಸುಣ್ಣದಂಥ ಭಾಗ, ಸುತ್ತ ತಿಳಿನೀರು. ಆ ಬಿಳಿ ಹಳದಿಗೋ ಹಸಿರಿಗೋ ತಿರುಗಿದರೆ ಯಕೃತ್ತಿನ ಕಡೆ ಕಣ್ಣು ಹಾಯಿಸಬೇಕು.

ಯಕೃತ್ತಿನ ಮಾತು ಬಂದದ್ದರಿಂದ ಮೇವಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಗದರುವವನಿದ್ದೇನೆ, ಬೇಸರಿಸಬೇಡಿ. ಸೂರ್ಯಕಾಂತಿ ಬೀಜ ಗಿಳಿಗೆ ನಮ್ಮ ಕೋಡುಬಳೆಯಿದ್ದ ಹಾಗೆ. ಎಣ್ಣೆ ಹೆಚ್ಚು, ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ, ಸುಣ್ಣದ ಅಂಶವೂ ಕಡಿಮೆ. ಎ ಜೀವಸತ್ವ ಸಾಲದೆ ಹೋದರೆ ಚರ್ಮ ಒಣಗಿ ತುರಿಸುತ್ತದೆ, ಹೊಸ ಗರಿ ಬಡಕಲಾಗುತ್ತದೆ. ಗ್ರೇ ಗಿಳಿಗಳಿಗೆ ರಕ್ತದಲ್ಲಿ ಸುಣ್ಣದ ಅಂಶ ಇಳಿದು ಫಿಟ್ಸ್ ಬರುವುದೂ ಉಂಟು. ಇನ್ನು ಕಡಲೆಕಾಯಿ. ಗಿಳಿ ಸಾಕಣೆಯ ಪುಸ್ತಕಗಳೆಲ್ಲ ಚಳಿದೇಶದವು. ಹೀಟರಿನ ಒಣಗಾಳಿಯಿಂದ ಚರ್ಮ ಒಡೆಯುತ್ತದೆ ಎಂದು ಎಚ್ಚರಿಸುತ್ತವೆ. ನಮ್ಮದು ಅದರ ತದ್ವಿರುದ್ಧ. ಆಷಾಢ ಶ್ರಾವಣದಲ್ಲಿ ಗೋಡೆ, ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಚೀಲದ ಕಡಲೆಕಾಯಿಯೊಂದು ಉಳಿಯುತ್ತದೆಯೇ? ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ, ಬೂಷ್ಟಿನ ಬೀಜಕಣ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೇ ತಿಂಗಳಲ್ಲಿ ಕೊಂಡ ಮೂಟೆಯನ್ನು ಈಗಲೂ ಕೊಡುತ್ತಿದ್ದರೆ ಇಂದೇ ಎಸೆಯಿರಿ. ಇನ್ನು ಮುಂದೆ ಹತ್ತು ದಿನಕ್ಕಾಗುವಷ್ಟು ಮಾತ್ರ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಕಾಫಿ ಬೇಡವೇ ಬೇಡ. ಒಂದು ಗುಟುಕು ಎಂದು ನಗಬೇಡಿ. ಅರ್ಧ ಕೆಜಿಯ ಪ್ರಾಣಿಗೆ ಒಂದು ಗುಟುಕು ಎಷ್ಟಾಯಿತು ಲೆಕ್ಕ ಹಾಕಿ. ಕೆಫೀನ್ ಅದರ ಎದೆಬಡಿತವನ್ನು ಏರಿಸುತ್ತದೆ, ಚಡಪಡಿಕೆ ತರುತ್ತದೆ, ಹೆಚ್ಚಾದರೆ ಕೊಲ್ಲುತ್ತದೆ. ತೋಟದ ಹಣ್ಣು ಎಂದಿದ್ದೀರಿ, ಯಾವ ಹಣ್ಣು ಎಂದು ಬರೆದಿಲ್ಲ. ನೆರಳಿಗೆ ಬೆಣ್ಣೆಹಣ್ಣಿನ ಮರ ಇಲ್ಲದ ಕಾಫಿ ತೋಟ ನಿಮ್ಮ ಕಡೆ ಅಪರೂಪ. ಬೆಣ್ಣೆಹಣ್ಣು ಗಿಳಿಗೆ ವಿಷ, ಒಂದು ಚೂರೂ ಬೇಡ. ಚಾಕೊಲೇಟ್, ಉಪ್ಪಿನ ತಿಂಡಿ, ಅಡಿಕೆ ಕೂಡ ಬೇಡ.

ಕೊಡಬೇಕಾದದ್ದು ನಿಮ್ಮ ಹಿತ್ತಿಲಲ್ಲೇ ಇದೆ. ಕೆಂಪು ಕುಂಬಳ, ಕ್ಯಾರೆಟ್, ನುಗ್ಗೆಸೊಪ್ಪು, ಪರಂಗಿ, ಸೀಬೆ, ಎಳೆ ಮುಸುಕಿನ ಜೋಳ, ಮೊಳಕೆ ಬಂದ ಹೆಸರುಕಾಳು. ಸೂಜಿಮೆಣಸು ಕೊಟ್ಟು ನೋಡಿ. ಹಕ್ಕಿಗಳಿಗೆ ಖಾರ ತಟ್ಟುವುದಿಲ್ಲ, ಬೀಜವನ್ನು ಆರಿಸಿ ಆರಿಸಿ ತಿನ್ನುತ್ತವೆ. ಕಾಡಿನಂಚಿನಲ್ಲೆಲ್ಲ ಸೂಜಿಮೆಣಸಿನ ಗಿಡ ತಾನಾಗಿ ಹುಟ್ಟುವುದು ಹಕ್ಕಿಗಳ ಕೃಪೆಯಿಂದಲೇ. ಆದರೆ ಬೀಜದಿಂದ ತರಕಾರಿಗೆ ಒಂದೇ ದಿನ ಬದಲಿಸಬೇಡಿ. ಏಳು ವರ್ಷ ಬೀಜ ತಿಂದ ಗಿಳಿಗೆ ಕುಂಬಳಕಾಯಿ ಆಹಾರವೆಂದೇ ತಿಳಿಯುವುದಿಲ್ಲ, ಎದುರಿಗಿಟ್ಟುಕೊಂಡು ಉಪವಾಸ ಬೀಳುತ್ತದೆ. ಬೆಳಿಗ್ಗೆ ಹಸಿದಿರುವಾಗ ತರಕಾರಿ, ಸಂಜೆ ಬೀಜ. ವಾರ ವಾರವೂ ಬೀಜದ ಪಾಲು ಸ್ವಲ್ಪ ಕಡಿಮೆ. ಗಿಳಿಗಳಿಗೆಂದೇ ತಯಾರಾದ ಪೆಲೆಟ್ ಸಿಕ್ಕರೆ ಅದನ್ನೂ ಇದೇ ರೀತಿ ಬೆರೆಸುತ್ತ ಬನ್ನಿ. ತೂಕದ ಪುಸ್ತಕ ಈಗ ಏಕೆ ಬೇಕು ಎಂದು ನಿಮಗೇ ಗೊತ್ತಾಗುತ್ತದೆ.

ಪುಡಿ, ಎಣ್ಣೆ ಎರಡನ್ನೂ ನಿಲ್ಲಿಸಿ. ಮನೆಯೊಳಗಿನ ಒಂಟಿ ಗಿಳಿಗೆ ಹೇನು ಬಹಳ ಅಪರೂಪ. ಇದ್ದರೂ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ ಹೇಳಬೇಕು, ಅಂಗಡಿಯ ಕಟ್ಟೆಯ ಮೇಲೆ ಕುಳಿತಲ್ಲ. ನಾಯಿ ಕೋಳಿಗಳಿಗೆ ಬಳಸುವ ಕೀಟನಾಶಕ ಪುಡಿಯನ್ನು ಗಿಳಿ ಗರಿ ನೇವರಿಸಿಕೊಳ್ಳುವಾಗಲೆಲ್ಲ ನುಂಗುತ್ತದೆ. ಬೇವಿನೆಣ್ಣೆ ಗರಿಗಳನ್ನು ಮೆತ್ತಿಸಿ ಅದರ ಚಳಿಯಂಗಿಯನ್ನೇ ಕಿತ್ತುಕೊಂಡಂತೆ ಮಾಡುತ್ತದೆ. ಅಂಟನ್ನು ತೆಗೆಯಲು ಗಿಳಿ ಇನ್ನಷ್ಟು ಕೆದಕುತ್ತದೆ. ದೃಷ್ಟಿ ತೆಗೆದದ್ದಕ್ಕೆ ನನ್ನ ತಕರಾರಿಲ್ಲ, ಮನೆಯ ಹಿರಿಯರಿಗೂ ಗುಂಡನ ಚಿಂತೆ ಇದೆ ಎಂದಾಯಿತು. ಆದರೆ ನಿವಾಳಿಸಿದ ಮೆಣಸಿನಕಾಯಿಯನ್ನು ಅದೇ ಬಚ್ಚಲ ಒಲೆಗೆ ಹಾಕಿದರೆ ಘಾಟು ಮೊದಲು ಹೋಗುವುದು ಗಿಳಿಯ ಎದೆಗೆ. ನಾಲಿಗೆಗೆ ತಟ್ಟದ ಖಾರವೂ ಹೊಗೆಯಾಗಿ ಒಳಹೋದರೆ ಹಾನಿಯೇ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಎಡೆಬಿಡದೆ ಹರಿಯುತ್ತದೆ, ಗಾಳಿಚೀಲಗಳು ಹೊಟ್ಟೆಯವರೆಗೂ ಚಾಚಿಕೊಂಡಿವೆ. ನಮಗೆ ಕೆಮ್ಮು ತರಿಸುವ ಹೊಗೆ ಅದಕ್ಕೆ ನೇರ ಪೆಟ್ಟು. ಒಲೆಯ ಹೊಗೆ, ಲೋಬಾನ, ಸೊಳ್ಳೆಬತ್ತಿ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ನಾನ್‌ಸ್ಟಿಕ್ ಕಾವಲಿ ಸೀದು ಬರುವ ವಾಸನೆಯಂತೂ ಕೆಲವೇ ನಿಮಿಷಗಳಲ್ಲಿ ಗಿಳಿಯನ್ನು ಕೊಲ್ಲಬಲ್ಲದು.

ಗೂಡು ಎಲ್ಲಿರಬೇಕು? ಬೆಳಕಿರುವ ಕೋಣೆಯಲ್ಲಿ, ಒಂದು ಬದಿ ಗೋಡೆಗೆ ಒತ್ತಿಕೊಂಡು. ನಾಲ್ಕೂ ಕಡೆ ತೆರೆದಿದ್ದರೆ ಗಿಳಿಗೆ ಬೆನ್ನು ಕಾಯುವವರಿಲ್ಲ. ಈಗ ಮಳೆ ನಿಂತಿದೆ, ಎಳೆಬಿಸಿಲಿಗೆ ಗೂಡು ಸಮೇತ ಅರ್ಧ ಗಂಟೆ ಜಗಲಿಯಲ್ಲಿಡಿ, ಅರ್ಧ ಗೂಡಿಗೆ ನೆರಳಿರಲಿ, ಪಕ್ಕದಲ್ಲಿ ಒಬ್ಬರು ಕುಳಿತಿರಿ. ಕಿಟಕಿ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ. ಡಿ ಜೀವಸತ್ವಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಗೂಡಿನ ತಂತಿಯನ್ನೂ ಒಮ್ಮೆ ನೋಡಿ. ಸತು ಲೇಪದ ಜಾಲರಿಯಾಗಿದ್ದು ಬಿಳಿ ಪುಡಿ ಏಳುತ್ತಿದ್ದರೆ, ಅಥವಾ ಹಳೆಯ ಬಣ್ಣ ಚಕ್ಕೆ ಏಳುತ್ತಿದ್ದರೆ, ಗುಂಡ ಅದನ್ನು ಕಡಿಯುತ್ತಿದ್ದರೆ, ವೈದ್ಯರಿಗೆ ಮರೆಯದೆ ಹೇಳಿ.

ಸ್ನಾನ ವಾರಕ್ಕೆ ಮೂರು ನಾಲ್ಕು ಸಲ ಬೇಕು. ಗ್ರೇ ಗಿಳಿಯ ಮೈಯಲ್ಲಿ ತಾನಾಗಿ ಹುಟ್ಟುವ ಬಿಳಿ ಪುಡಿಯಿರುತ್ತದೆ; ನೀರಿಲ್ಲದೆ ಆ ಪುಡಿ, ಒಲೆಯ ಮಸಿ, ನೀವು ಹಚ್ಚಿದ ಎಣ್ಣೆ ಸೇರಿ ಈಗ ಮೈಯೆಲ್ಲ ಜಿಡ್ಡಾಗಿರುತ್ತದೆ. ಗಾಳಿಯಲ್ಲಿ ತೇವವಿದೆಯಲ್ಲ ಎಂದರೆ ಅದು ಸ್ನಾನವಾಗುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಉಗುರುಬೆಚ್ಚಗಿನ ನೀರನ್ನು ಹೊಸ ಸ್ಪ್ರೇ ಬಾಟಲಿಯಲ್ಲಿ ತುಂಬಿ, ಮುಖಕ್ಕೆ ನೇರ ಹೊಡೆಯದೆ, ಮೇಲಿನಿಂದ ತುಂತುರಿನಂತೆ ಬೀಳಲಿ. ತೋಟಕ್ಕೆ ಔಷಧಿ ಹೊಡೆಯುವ ಯಾವ ಸಾಮಾನನ್ನೂ ತೊಳೆದು ಬಳಸುವ ಸಾಹಸ ಬೇಡ. ಸಂಜೆಯೊಳಗೆ ಮೈ ಪೂರ್ತಿ ಒಣಗಿರಬೇಕು.

ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲು ಮತ್ತು ಸದ್ದಿಲ್ಲದ ನಿದ್ದೆ ಬೇಕು. ಗೂಡಿನ ಮೇಲೆ ಬಟ್ಟೆ ಮುಚ್ಚಿ ಎದುರಿಗೇ ಧಾರಾವಾಹಿ ನೋಡಿದರೆ ಗಿಳಿ ಕತ್ತಲಲ್ಲಿ ಕುಳಿತು ಧಾರಾವಾಹಿ ಕೇಳುತ್ತಿರುತ್ತದೆ, ಅಷ್ಟೇ.

ಇನ್ನು ನಾನು ಮುಖ್ಯವೆಂದುಕೊಂಡಿರುವ ವಿಷಯ. ಗುಂಡನಿಗೆ ಕೆಲಸವಿಲ್ಲ. ಕಾಡಿನಲ್ಲಿ ಗಿಳಿ ದಿನಕ್ಕೆ ನಾಲ್ಕಾರು ಗಂಟೆ ಮೇವು ಹುಡುಕುವುದರಲ್ಲೇ ಕಳೆಯುತ್ತದೆ: ಹಾರು, ಹುಡುಕು, ಸಿಪ್ಪೆ ಸುಲಿ, ಓಟೆ ಒಡೆ. ನಿಮ್ಮ ಮನೆಯಲ್ಲಿ ಬಟ್ಟಲು ತುಂಬಿದೆ, ಹತ್ತು ನಿಮಿಷದಲ್ಲಿ ಊಟ ಮುಗಿಯುತ್ತದೆ. ಉಳಿದ ಹೊತ್ತಿಗೆ ಆ ಕೊಕ್ಕು, ಆ ಬುದ್ಧಿ ಏನು ಮಾಡಬೇಕು? ಎದುರಿಗಿರುವ ಒಂದೇ ವಸ್ತು ಅದರ ಎದೆಯ ಗರಿ. ಇದು ನನ್ನ ಊಹೆಯಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಎಳೆಯ ಅಮೆಜಾನ್ ಗಿಳಿಗಳಲ್ಲಿ ಕೆಲವಕ್ಕೆ ಮೇವನ್ನು ಹುಡುಕಿ ತಿನ್ನುವ ಸಾಧನ, ಹತ್ತಿ ಇಳಿಯುವ ಸಲಕರಣೆ ಕೊಟ್ಟರು, ಕೆಲವನ್ನು ಬರಿಯ ಗೂಡಿನಲ್ಲಿಟ್ಟರು. ಬರಿಯ ಗೂಡಿನವುಗಳ ಗರಿ ದಿನಗಳೆದಂತೆ ಹಾಳಾಯಿತು. ಆಮೇಲೆ ಅವಕ್ಕೂ ಅದೇ ಸೌಕರ್ಯ ಕೊಟ್ಟಾಗ ಸುಧಾರಿಸಿತು. ಕಿತ್ತುಕೊಳ್ಳುವುದನ್ನು ತಡೆಯುವ ಉಪಾಯಗಳಲ್ಲಿ ನಾನು ನೆಚ್ಚಿಕೊಂಡಿರುವುದು ಇದನ್ನೇ.

ಇದಕ್ಕೆ ಪೇಟೆಯ ದುಬಾರಿ ಆಟಿಕೆ ಬೇಕಿಲ್ಲ, ಮಲೆನಾಡಿನವರಿಗಂತೂ ಖಂಡಿತ ಬೇಕಿಲ್ಲ. ಅಡಿಕೆ ಹಾಳೆಯ ಅಂಗೈಯಗಲದ ತುಂಡಿನೊಳಗೆ ನಾಲ್ಕು ಬೀಜ ಮಡಚಿ ಬಾಳೆನಾರಿನಿಂದ ಕಟ್ಟಿ ತೂಗುಹಾಕಿ. ತೆಂಗಿನ ಚಿಪ್ಪಿಗೆ ತೂತು ಕೊರೆದು ಒಳಗೆ ಕ್ಯಾರೆಟ್ ತುರುಕಿ. ಬಿದಿರಿನ ಒಂದು ಗೆಣ್ಣು, ಸಿಪ್ಪೆ ಸುಲಿಯದ ಜೋಳದ ತೆನೆ, ತೊಗಟೆ ಸಹಿತ ಸೀಬೆ ಕೊಂಬೆ, ಯಾವುದೂ ಆದೀತು. ಒಂದೇ ಎಚ್ಚರ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟದ ಹಾಳೆ ಬೇಡ, ಅದರಲ್ಲಿ ಮೈಲುತುತ್ತ ಇರುತ್ತದೆ. ಕಾಫಿ ಗಿಡದ ಕೊಂಬೆಯೂ ಬೇಡ, ಕಣಗಿಲೆಯಂತೂ ಕೂಡದು. ಗ್ರೇ ಗಿಳಿ ಅಂಜುಬುರುಕ ಜಾತಿ. ಹೊಸ ವಸ್ತುವನ್ನು ನೇರ ಗೂಡಿಗೆ ತೂಗಿದರೆ ಗಾಬರಿಗೆ ಇನ್ನೆರಡು ಗರಿ ಹೆಚ್ಚು ಕೀಳಬಹುದು. ಮೊದಲು ದೂರದಲ್ಲಿಡಿ, ಅದರ ಕಣ್ಣೆದುರು ನೀವೇ ಬಿಚ್ಚಿ ಬೀಜ ತಿನ್ನಿ, ದಿನಕ್ಕೊಂದು ಗೇಣು ಹತ್ತಿರ ತನ್ನಿ. ಅತ್ತೆಯವರಿಗೆ ಈ ಕೆಲಸ ಒಪ್ಪಿಸಬಹುದು. ಹಾಸನದ ಮನೆಯೊಂದರಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಬತ್ತಿ ಹೊಸೆಯುವ ಹೊತ್ತಿನಲ್ಲೇ ಗಿಳಿಗೂ ಹತ್ತು ಪೊಟ್ಟಣ ಕಟ್ಟಿಡುತ್ತಿದ್ದರು, ಒಂದು ದಿನವೂ ತಪ್ಪಿಸಿದವರಲ್ಲ.

‘ಏಯ್, ಬೇಡ’ ಎಂಬುದನ್ನು ಓದಿ ನಕ್ಕೆ, ಆಮೇಲೆ ಕೆಡುಕೆನಿಸಿತು. ಮಾತು ಕಲಿತ ಗಿಳಿಗೆ ನೀವು ಗದರುವುದು ಶಿಕ್ಷೆಯಲ್ಲ, ಉತ್ತರ. ಇಡೀ ದಿನ ಯಾರೂ ಮಾತಾಡಿಸದ ಮನೆಯಲ್ಲಿ ಒಂದು ಗರಿ ಕಿತ್ತರೆ ಮೂರು ಜನ ತಿರುಗಿ ನೋಡುತ್ತಾರೆ, ಒಬ್ಬರು ಓಡಿಯೂ ಬರುತ್ತಾರೆ! ಇದಕ್ಕಿಂತ ಒಳ್ಳೆಯ ವ್ಯಾಪಾರ ಉಂಟೆ? ಈಗ ಅದು ನಿಮ್ಮ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದೆ. ಕೀಳುವಾಗ ನೋಡಬೇಡಿ, ಗದರಬೇಡಿ, ಮುದ್ದಿಸಲೂ ಹೋಗಬೇಡಿ. ಹಾಳೆ ಹರಿಯುವಾಗ, ಸುಮ್ಮನೆ ಕುಳಿತಿರುವಾಗ, ಶಿಳ್ಳೆ ಹಾಕುವಾಗ ಹೋಗಿ ಮಾತಾಡಿಸಿ, ಒಂದು ಬೀಜ ಕೊಡಿ. ಮನೆಮಂದಿಯೆಲ್ಲ ಒಂದೇ ನಿಯಮ ಪಾಲಿಸಬೇಕು; ಒಬ್ಬರು ಗದರಿದರೂ ವ್ಯಾಪಾರ ಮುಂದುವರಿಯುತ್ತದೆ. ಮೊದಲ ಕೆಲವು ದಿನ ಕೀಳುವುದು ಹೆಚ್ಚೇ ಆಗಬಹುದು, ಎದೆಗುಂದಬೇಡಿ.

ಮಗಳು ದಿನವೂ ವಿಡಿಯೊ ಕರೆ ಮಾಡುತ್ತಿರಬಹುದು. ಅದು ಒಳ್ಳೆಯದೋ ಕೆಟ್ಟದ್ದೋ ನಾನು ಇಲ್ಲಿಂದ ಹೇಳಲಾರೆ, ಒಂದೊಂದು ಗಿಳಿ ಒಂದೊಂದು ರೀತಿ. ತೂಕದ ಪುಸ್ತಕದಲ್ಲೇ ಕೀಳುವ ಹೊತ್ತನ್ನೂ ಅದಕ್ಕೆ ಮುಂಚೆ ಏನು ನಡೆಯಿತೆಂಬುದನ್ನೂ ಬರೆಯಿರಿ. ಕರೆ ಮುಗಿದ ಮೇಲೆ ಕೀಳುವುದು ಹೆಚ್ಚಿದ್ದರೆ ಕರೆಯನ್ನು ಬೇರೆ ಕೋಣೆಯಲ್ಲಿ ತೆಗೆದುಕೊಳ್ಳಿ. ಮಗಳಿಗೆ ಇನ್ನೊಂದು ಮಾತು: ಬೆನ್ನು ಸವರುವುದು, ಶಾಲಿನೊಳಗೆ ಸೇರಿಸಿಕೊಂಡು ಮಲಗುವುದು ಇದ್ದರೆ ಊರಿಗೆ ಬಂದಾಗ ಅದನ್ನು ನಿಲ್ಲಿಸಲಿ. ಕೈಯಲ್ಲಿ ಬೆಳೆದು ವಯಸ್ಸಿಗೆ ಬಂದ ಗಿಳಿ ಅಂಥ ಸ್ಪರ್ಶವನ್ನು ಜೋಡಿಯ ಸ್ಪರ್ಶವೆಂದೂ ಶಾಲಿನ ಕತ್ತಲನ್ನು ಪೊಟರೆಯೆಂದೂ ತಿಳಿಯುತ್ತದೆ. ಆ ತಳಮಳವೂ ಗರಿಯ ಮೇಲೆ ತಿರುಗುತ್ತದೆ. ತಲೆ, ಕತ್ತು ಕೆರೆದರೆ ಸಾಕು. ಅಂದಹಾಗೆ ಗುಂಡ ಗಂಡೇ ಎಂದು ಯಾರು ಹೇಳಿದರು? ಗ್ರೇ ಗಿಳಿಯಲ್ಲಿ ಗಂಡು ಹೆಣ್ಣನ್ನು ಬರಿಗಣ್ಣಿನಿಂದ ನಂಬಿಕೆಯಾಗಿ ಹೇಳಲಾಗುವುದಿಲ್ಲ, ಡಿಎನ್‌ಎ ಪರೀಕ್ಷೆ ಬೇಕು. ಮೊಟ್ಟೆಯಿಟ್ಟು ಮನೆಯವರನ್ನು ಬೆಚ್ಚಿಬೀಳಿಸಿದ ಭೀಮ, ಬಸವರನ್ನು ನಾನು ನೋಡಿದ್ದೇನೆ.

ಕುತ್ತಿಗೆಯ ಪಟ್ಟಿ ಹಾಕಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಂದು ಗಿಳಿಗೆ ಹಳೆಯ ಎಕ್ಸ್-ರೇ ಫಿಲ್ಮ್ ಕತ್ತರಿಸಿ ಪಟ್ಟಿ ತೊಡಿಸಿ, ಜಾಣತನಕ್ಕೆ ಬೀಗಿ ಕಳಿಸಿದ್ದೆ. ಅದು ತೋಲ ತಪ್ಪಿ ಕೋಲಿನಿಂದ ಬಿತ್ತು, ಎರಡು ದಿನ ಮೇವು ಮುಟ್ಟಲಿಲ್ಲ. ಪಟ್ಟಿ ತೆಗೆದ ಗಂಟೆಯೊಳಗೆ ಮತ್ತೆ ಗರಿಗೆ ಬಾಯಿ ಹಾಕಿತು, ಕಾರಣ ಅಲ್ಲೇ ಇತ್ತಲ್ಲ. ಗಿಳಿ ಗರಿ ಬಿಟ್ಟು ತನ್ನ ಚರ್ಮ, ಮಾಂಸವನ್ನೇ ಕಚ್ಚಿ ಗಾಯ ಮಾಡಿಕೊಳ್ಳುವಾಗ ಮಾತ್ರ ಪಟ್ಟಿ ಬೇಕು, ಅದೂ ವೈದ್ಯರ ಕಣ್ಣೆದುರು. ಮನುಷ್ಯರ ಖಿನ್ನತೆಗೆ ಬಳಸುವ ಫ್ಲೂಕ್ಸೆಟಿನ್, ಕ್ಲೋಮಿಪ್ರಮಿನ್‌ಗಳನ್ನು ಗಿಳಿಗಳಿಗೂ ಕೊಡುವುದುಂಟು. ಉಳಿದದ್ದೆಲ್ಲ ಮಾಡಿ ನೋಡಿದ ಮೇಲೆ, ಪರೀಕ್ಷೆ ಮಾಡಿದ ವೈದ್ಯರು ಬರೆದುಕೊಟ್ಟರೆ ಮಾತ್ರ.

ಇನ್ನೊಂದು ಗಿಳಿಯನ್ನೂ ಈಗ ತರಬೇಡಿ. ಗುಂಡನಿಗೆ ಅಂಟುರೋಗವಿದೆಯೋ ಇಲ್ಲವೋ ಗೊತ್ತಿಲ್ಲ, ಬರುವ ಗಿಳಿಗಿದೆಯೋ ಅದೂ ಗೊತ್ತಿಲ್ಲ. ಎರಡೂ ಆರೋಗ್ಯವಾಗಿದ್ದರೂ ಒಂದನ್ನೊಂದು ಒಪ್ಪುತ್ತವೆಂಬ ಭರವಸೆಯಿಲ್ಲ. ಮನುಷ್ಯರ ಕೈಯಲ್ಲಿ ಬೆಳೆದ ಗಿಳಿ ಇನ್ನೊಂದು ಗಿಳಿಯನ್ನು ಕಂಡು ಹೆದರುವುದೇ ಹೆಚ್ಚು. ತೋಟಕ್ಕೆ ಬಿಡುವ ಮಾತನ್ನು ಯಜಮಾನರು ಮರುಕದಿಂದಲೇ ಆಡಿರಬಹುದು. ಆದರೆ ಗುಂಡನ ಕಾಡು ಪಶ್ಚಿಮ ಮತ್ತು ಮಧ್ಯ ಆಫ್ರಿಕದ್ದು, ಹಾಲುವಾಣದ ಮರದ ಮೇಲೆ ಕುಳಿತರೆ ಏನು ತಿನ್ನಬೇಕೆಂದು ಅದಕ್ಕೆ ಗೊತ್ತಿಲ್ಲ. ಎದೆಯ ಗರಿಯಿಲ್ಲದೆ ನಿಮ್ಮೂರಿನ ಒಂದು ರಾತ್ರಿಯ ಇಬ್ಬನಿಯನ್ನೂ ತಡೆಯಲಾರದು. ಸರ್ಕೋವೈರಸ್ ಇದ್ದರೆ ನಮ್ಮ ಕಾಡಿನ ಗಿಳಿಗಳಿಗೂ ಅಂಟಿಸುತ್ತದೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟೀಸ್‌ನ ಮೊದಲ ಅನುಬಂಧದಲ್ಲಿ ಗ್ರೇ ಗಿಳಿ ಇದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 2024ರ ನಿಯಮಗಳ ಪ್ರಕಾರ ಅಂಥ ಹಕ್ಕಿಯನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿರಬೇಕು. ಮಾಡಿಸಿರದಿದ್ದರೆ ಅರಣ್ಯ ಇಲಾಖೆಯವರನ್ನು ಕೇಳಿ. ಇದೇ ತೊಂದರೆ ಹೇಳಿಕೊಂಡು ಹಸಿರು ಗಿಳಿಯ ಬಗ್ಗೆ ಬರೆಯುವವರೂ ಇದ್ದಾರೆ. ನಮ್ಮ ನಾಡಿನ ಗಿಳಿಗಳನ್ನು ಮನೆಯಲ್ಲಿಡುವುದೇ 1972ರ ಆ ಕಾಯಿದೆಯಂತೆ ಅಪರಾಧ, ಗರಿಯ ಪ್ರಶ್ನೆ ಆಮೇಲಿನದು.

ಗರಿ ಮತ್ತೆ ಬರುತ್ತದೆಯೇ? ಎದೆ, ತೊಡೆಯ ಗರಿ ಕೀಳಲು ಶುರುವಾಗಿ ನಾಲ್ಕೈದು ತಿಂಗಳಾಗಿದೆ ಅಷ್ಟೆ, ಬಹುಪಾಲು ಬರಬಹುದು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕಿತ್ತರೆ ಗರಿಯ ಬುಡದ ಕುಳಿ ಗಾಯವಾಗಿ ಮುಚ್ಚಿಹೋಗುತ್ತದೆ, ಆಮೇಲೆ ಅಲ್ಲಿ ಮೊಳೆಯುವುದಿಲ್ಲ. ಹೊಸ ಗರಿ ಮುಳ್ಳಿನಂತೆ ಮೂಡುವಾಗ ತುರಿಕೆಯಾಗಿ ಮತ್ತೆ ಕೆಲವನ್ನು ಕೀಳುತ್ತದೆ. ಸ್ನಾನ ತಪ್ಪಿಸದಿದ್ದರೆ ಆ ತುರಿಕೆ ತಗ್ಗುತ್ತದೆ. ಹಾಗೆ ಮೂಡುವ ಗರಿಯೊಳಗೆ ರಕ್ತ ಹರಿಯುತ್ತಿರುತ್ತದೆ. ಅದು ತುಂಡಾಗಿ ಸೋರಿದರೆ ಮೈದಾ ಹಿಟ್ಟು ಒತ್ತಿ ಹಿಡಿಯಿರಿ, ಐದಾರು ನಿಮಿಷದಲ್ಲಿ ನಿಲ್ಲದಿದ್ದರೆ ಹೊರಡಿ. ಮೈ ಉಬ್ಬಿಸಿಕೊಂಡು ಗೂಡಿನ ತಳದಲ್ಲಿ ಕುಳಿತರೆ, ಮೇವು ಬಿಟ್ಟರೆ, ಚರ್ಮ ಹರಿದುಕೊಂಡರೆ ಅದೇ ದಿನ ವೈದ್ಯರ ಬಳಿ ಇರಬೇಕು. ಕೀಳುವ ಚಟ ಪೂರ್ತಿ ಬಿಡದ ಗಿಳಿಗಳೂ ಇವೆ. ನಾನು ಹೇಳಿದ ಆ ಅಜ್ಜಿಯ ಗಿಳಿಯ ಎದೆ ಕೊನೆಯವರೆಗೂ ಅರ್ಧ ಬೋಳಾಗಿಯೇ ಇತ್ತು. ತೂಕ ಸರಿಯಿತ್ತು, ತಿನ್ನುತ್ತಿತ್ತು, ಬಂದವರನ್ನೆಲ್ಲ ಬೈಯುತ್ತಿತ್ತು.

ಮೊದಲ ಹೆಜ್ಜೆ ಪರೀಕ್ಷೆ. ಬೇಲೂರಿನ ಮೇಲೆ ಹಾಸನಕ್ಕೆ ಬಂದರೆ ಅಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹಕ್ಕಿಗಳನ್ನು ನೋಡುವವರು ಯಾವ ದಿನ ಇರುತ್ತಾರೆಂದು ಮೊದಲೇ ಫೋನಿನಲ್ಲಿ ಕೇಳಿ. ರಕ್ತಪರೀಕ್ಷೆ, ಹಿಕ್ಕೆಪರೀಕ್ಷೆ, ಲೋಹ ನುಂಗಿದೆಯೇ ನೋಡಲು ಎಕ್ಸ್-ರೇ, ಸರ್ಕೋವೈರಸ್‌ಗೆ ಪಿಸಿಆರ್ ಪರೀಕ್ಷೆ ಮಾಡಿಸಬೇಕೇ ಎಂದು ವಿಚಾರಿಸಿ. ಅಲ್ಲಿ ಆಗದ್ದನ್ನು ಬೆಂಗಳೂರಿಗೆ ಕಳಿಸಬೇಕಾಗಬಹುದು. ಗಿಳಿಯನ್ನು ಸಣ್ಣ ಗೂಡಿನಲ್ಲಿ, ಮೂರು ಬದಿ ಬಟ್ಟೆ ಮುಚ್ಚಿ, ಕಾರಿನ ಎಸಿ ಹಾಕದೆ ತನ್ನಿ. ಗರಿಯ ಲಕೋಟೆ, ತೂಕದ ಪುಸ್ತಕ, ಅಂಗಡಿಯವರು ಕೊಟ್ಟ ಪುಡಿಯ ಡಬ್ಬಿ, ಹಿಂದಿನ ರಾತ್ರಿಯ ಹಿಕ್ಕೆ ಬಿದ್ದ ಕಾಗದ ಜೊತೆಗಿರಲಿ. ಕಾಫಿ ಕುಯ್ಲು ಜೋರಾಗುವ ಮೊದಲೇ ಹೋಗಿಬನ್ನಿ. ಆಮೇಲೆ ಸಂಕ್ರಾಂತಿಯವರೆಗೆ ನಿಮಗೂ ಬಿಡುವಿರುವುದಿಲ್ಲ, ಯಜಮಾನರಿಗೂ ಇರುವುದಿಲ್ಲ.